ಹೊಸ ಚಪ್ಪಲಿ ಹೊಲಿಸಿದವನು

ಗಡ್ಡ ಹೆರೆಯುವಾಗ ಎಲ್ಲರ ಹಾಗೆ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡಿದ್ದರೆ ದುರ್ಬೀನಣ್ಣನಿಗೆ ಆ ದಿನ ಯಾವ ತೊಂದರೆಯೂ ಬರುತ್ತಿರಲಿಲ್ಲ. ಆದರೆ ಅವನದು ಪತ್ತೇದಾರಿಕೆಯ ಕಸುಬು. ಕನ್ನಡಿಯನ್ನು ಕಿಟಕಿಯ ಕಡೆಗೆ ಓರೆಯಾಗಿ ನೇತುಹಾಕಿ, ಅರ್ಧ ಮುಖ, ಅರ್ಧ ಬೀದಿ ಕಾಣುವಂತೆ ಮಾಡಿಕೊಂಡಿದ್ದ. ಹಾಗಾಗಿ ಅವನ ಕೆನ್ನೆಯಲ್ಲಿ ಗಾಯವಿಲ್ಲದ ದಿನವಿರಲಿಲ್ಲ, ಬೀದಿಯಲ್ಲಿ ಅವನ ಕಣ್ಣಿಗೆ ಬೀಳದ ನಾಯಿಯೂ ಇರಲಿಲ್ಲ.

ಆ ಬೆಳಿಗ್ಗೆ ಎದುರಿನ ಮರದ ಕೆಳಗೆ, ಚಪ್ಪಲಿ ಹೊಲಿಯುವವನ ಮುಂದೆ, ಗುರುತಿಲ್ಲದವನೊಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ದುರ್ಬೀನಣ್ಣ ಸೋಪಿನ ನೊರೆ ಒರೆಸಿಕೊಳ್ಳದೆ ತನ್ನ ಹೆಸರಿಗೆ ಕಾರಣವಾದ ದುರ್ಬೀನನ್ನು ತಂದು ಕಣ್ಣಿಗೆ ಹಚ್ಚಿದ. ಹೊಲಿಸುತ್ತಿದ್ದ ಚಪ್ಪಲಿ ಹೊಚ್ಚ ಹೊಸದು. ಅಂಗಡಿಯ ಚೀಟಿ ಇನ್ನೂ ಅಟ್ಟೆಗೆ ಅಂಟಿಕೊಂಡಿತ್ತು. ಆ ಮನುಷ್ಯನ ಮುಖ ಚಪ್ಪಲಿಯ ಕಡೆಗೆ, ಕಣ್ಣು ಮಾತ್ರ ಇವನ ಮನೆಯ ಗೇಟಿನ ಮೇಲೆ.

ದುರ್ಬೀನಣ್ಣ ದುರ್ಬೀನು ಇಳಿಸಿ ಮತ್ತೆ ಕತ್ತಿ ಹಿಡಿದ. ಸುಮ್ಮನೆ ನಿಂತವನನ್ನು ಬೀದಿಯೇ ನೋಡುತ್ತದೆ. ಏನನ್ನಾದರೂ ರಿಪೇರಿ ಮಾಡಿಸುತ್ತಾ ಕೂತವನನ್ನು ಯಾರೂ ನೋಡುವುದಿಲ್ಲ. ಇದು ಕಸುಬು ತಿಳಿದವರ ವಿದ್ಯೆ. 'ಇವನು ಯಾರೋ ಘನವಾದ ಗುರುವಿನ ಕೈಯಲ್ಲಿ ಪಳಗಿದವನು' ಅಂದುಕೊಂಡ. ಭಯದ ಜೊತೆಗೆ ಒಂದಿಷ್ಟು ಗೌರವವೂ ಹುಟ್ಟಿತು.

ಭಯಕ್ಕೆ ಕಾರಣವಿತ್ತು. ಹಿಂದೊಮ್ಮೆ ತಂತಿ ಅನ್ನುವ ಬೀಗಗಳ್ಳನ ಮೇಲೆ ಇವನು ಸಾಕ್ಷಿ ಹೇಳಿ ಜೈಲಿಗೆ ಕಳಿಸಿದ್ದ. ಒಂದು ತುಂಡು ತಂತಿ ಕೈಗೆ ಸಿಕ್ಕರೆ ಸಾಕು, ಎಂಥ ಬೀಗವೂ ಆ ಮನುಷ್ಯನ ಮಾತು ಕೇಳುತ್ತಿತ್ತು. ಪೊಲೀಸ್ ವ್ಯಾನು ಹತ್ತುವಾಗ ತಂತಿ ತಿರುಗಿ ನೋಡಿ ನಕ್ಕು, "ಹೊರಗೆ ಬಂದ್ಮೇಲೆ ನಿಮ್ಮ ಮನೆಗೆ ಒಂದ್ಸಲ ಬಂದೇ ಬರ್ತೀನಿ ಸ್ವಾಮಿ" ಅಂದಿದ್ದ. ಆ ನಗು ದುರ್ಬೀನಣ್ಣನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇನ್ನೂ ಸಿಕ್ಕಿಕೊಂಡಿತ್ತು. ತಂತಿಗೆ ಬಿಡುಗಡೆಯಾಗಿದೆ ಅನ್ನುವ ಸುದ್ದಿ ಮೊನ್ನೆ ತಾನೇ ಕಿವಿಗೆ ಬಿದ್ದಿತ್ತು. ಈಗ ಮನೆ ನೋಡಿಬರಲು ಮುಂಚಿತವಾಗಿ ಆಳು ಕಳಿಸಿದ್ದಾನೆ. ಮನೆಯಲ್ಲಿ ಇರುವವರು ಯಾರು? ಹೆಂಡತಿ, ಮುದುಕಿ ಅತ್ತೆ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬಳೇ ಮಗಳು.

ಕೆನ್ನೆ ಎರಡು ಕಡೆ ಕೊಯ್ದುಕೊಂಡಿತು.

ನಡುಮನೆಗೆ ಬಂದರೆ ಹೆಂಡತಿ ಸ್ಟೂಲಿನ ಮೇಲೆ ನಿಂತು ಹೊಸ ಪರದೆ ಕಟ್ಟುತ್ತಿದ್ದಳು. ಅತ್ತೆ ಬೀರುವಿನಿಂದ ಒಳ್ಳೆಯ ಲೋಟಗಳನ್ನು ಇಳಿಸಿ ಒರೆಸುತ್ತಿದ್ದರು. ಮಗಳು ಕೆಲಸಕ್ಕೆ ಹೊರಡುವ ಹೊತ್ತು ಮೀರಿದ್ದರೂ ಹೊರಟಿರಲಿಲ್ಲ. ಕಂಡವರ ಮನೆಯಲ್ಲಾಗಿದ್ದರೆ ಇಷ್ಟು ನೋಡಿ ಅವನಿಗೆ ರಾಶಿ ಅನುಮಾನ ಬರುತ್ತಿತ್ತು. ಸ್ವಂತ ಮನೆಯಾದ್ದರಿಂದ ಏನೂ ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

"ನೀವು ಮೂರೂ ಜನ ಇವತ್ತು ಹಿಂದಿನ ಬೀದಿ ನನ್ನ ತಂಗಿ ಮನೆಗೆ ಹೋಗಿ. ಕತ್ತಲಾದ ಮೇಲೆ ನಾನೇ ಬಂದು ಕರ್ಕೊಂಡು ಬರ್ತೀನಿ" ಅಂದ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇವತ್ತೇ ಯಾಕೆ?" ಅಂದಳು ಹೆಂಡತಿ.

"ಸುಮ್ಮನೆ. ಸ್ವಲ್ಪ ಗಾಳಿ ಬದಲಾಗ್ಲಿ ಅಂತ."

"ಹಿಂದಿನ ಬೀದೀಲಿರೋದೂ ಇದೇ ಗಾಳಿ" ಅಂದರು ಅತ್ತೆ. "ನನ್ನ ಮಂಡಿ ಇವತ್ತು ಮೆಟ್ಟಿಲು ಇಳಿಯೋ ಹಾಗಿಲ್ಲ ಅಳಿಯಂದಿರೇ."

"ನಿನ್ನೆ ಹಾಲಿನವನ ಹಿಂದೆ ಓಡಿದ್ರಲ್ಲ."

"ಅದಕ್ಕೇ ಇವತ್ತು ನೋವು."

ಮಗಳು ನಡುವೆ ಬಂದಳು. "ಅಪ್ಪಾ, ನಿಮಗೆ ಆಫೀಸಿಗೆ ಹೊತ್ತಾಯ್ತು. ಹೊರಡಿ. ಸಂಜೆ ಮಾತ್ರ ಬೇಗ ಬನ್ನಿ. ನಿಮ್ಮ ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟಿದೀನಿ."

ತಂತಿಯ ಸುದ್ದಿ ಹೇಳಿ ಹೆಂಗಸರನ್ನು ಹೆದರಿಸಲು ಅವನಿಗೆ ಮನಸ್ಸಿರಲಿಲ್ಲ. ಮನೆ ಬಿಟ್ಟು ಕದಲದಿರುವ ಕಾರಣವನ್ನು ಅವನಿಗೆ ಹೇಳಲು ಅವರಿಗೂ ಮನಸ್ಸಿರಲಿಲ್ಲ. ಹೀಗೆ ನಾಲ್ಕು ಜನ ಒಂದೇ ಕೋಣೆಯಲ್ಲಿ ಬಾಯಿಗೆ ಬಟ್ಟೆ ತುರುಕಿಕೊಂಡವರ ಹಾಗೆ ನಿಂತರು. ಕೊನೆಗೆ ದುರ್ಬೀನಣ್ಣ ತನ್ನ ಚೀಲ ಹೆಗಲಿಗೇರಿಸಿ ಆಫೀಸಿಗೆ ಹೊರಟವನ ಹಾಗೆ ಹೊರಟ. ಆ ಚೀಲದಲ್ಲಿ ಒಂದು ಟೋಪಿ, ಒಂದು ಅಂಟುಮೀಸೆ ಮತ್ತು ಮಗುವಿನ ತಲೆಯಷ್ಟು ದೊಡ್ಡದಾದ ಒಂದು ಬೀಗ ಯಾವಾಗಲೂ ಇರುತ್ತಿದ್ದವು.

ಮೂಲೆ ತಿರುಗಿ ತನ್ನ ಪತ್ತೇದಾರಿ ಆಫೀಸಿನ ಪಾಲುದಾರನಿಗೆ ಫೋನು ಮಾಡಿದ.

"ಇವತ್ತು ನಾನು ಬರಲ್ಲ. ಮನೇಲಿ ಸ್ವಲ್ಪ ಕೆಲಸ."

"ಆಗಲಿ ಅಣ್ಣಾ. ನನ್ನದೂ ಒಂದು ಕೇಸು ಇವತ್ತು ಮುಗಿಯುತ್ತೆ. ಅದೇನಾಗಿದೆ ಅಂದ್ರೆ..."

"ಹೇಳಬೇಡ" ಅಂದ ದುರ್ಬೀನಣ್ಣ. "ನಿನ್ನ ಕೇಸು ನನಗೆ ಗೊತ್ತಾಗಬಾರದು, ನನ್ನದು ನಿನಗೆ. ಆಫೀಸು ಶುರು ಮಾಡಿದ ದಿನವೇ ಹೇಳಿದೀನಿ."

ಈ ಕಟ್ಟಳೆಯ ಮೇಲೆ ಅವನಿಗೆ ಬಹಳ ಹೆಮ್ಮೆ. ಅವನ ಮನೆ ಎಲ್ಲಿದೆ ಅನ್ನುವುದು ಕೂಡ ಪಾಲುದಾರನಿಗೆ ಗೊತ್ತಿರಲಿಲ್ಲ. ಇನ್ನೂ ಒಂದು ಕಟ್ಟಳೆಯಿತ್ತು. ಬೀದಿಯಲ್ಲಿ ಹಿಂಬಾಲಿಸುವ, ವಿಚಾರಿಸುವ ಕೆಲಸಕ್ಕೆ ಇಟ್ಟುಕೊಂಡವರು ಆಫೀಸಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಅವರ ಮುಖ ಇವನು ನೋಡುವ ಹಾಗಿಲ್ಲ, ಇವನ ಮುಖ ಅವರು ನೋಡುವ ಹಾಗಿಲ್ಲ. ಇವನು ಹೇಳಿಕೊಡುವ ಕೆಲಸದ ಪಾಠವೆಲ್ಲ ಫೋನಿನಲ್ಲಿ. ಮುಖ ಗೊತ್ತಾದರೆ ಗುಟ್ಟು ಅರ್ಧ ಹೊರಗೆ ಬಿತ್ತು ಅನ್ನುವುದು ಅವನ ಸಿದ್ಧಾಂತ.

ಟೋಪಿ ಹಾಕಿ, ಮೀಸೆ ಅಂಟಿಸಿ, ಮೊದಲು ಇಸ್ತ್ರಿಯವನ ಗೂಡಿಗೆ ಹೋದ.

"ಏನಪ್ಪಾ, ಆ ಮೂಲೆಮನೆ ವಿಚಾರ ಯಾರಾದರೂ ಕೇಳ್ಕೊಂಡು ಬಂದಿದ್ರಾ?" ಅಂತ ಮೂಗಿನಲ್ಲಿ ಕೇಳಿದ.

ಇಸ್ತ್ರಿಯವನು ಬಿಳಿ ಅಂಗಿಯೊಂದರ ಕಾಲರು ತಿರುಗಿಸಿದ. ಅದು ದುರ್ಬೀನಣ್ಣನದೇ ಅಂಗಿ. "ಬಂದಿದ್ರು ಸಾರ್. ಮನೇಲಿ ಜಗಳ ಕೇಳಿಸುತ್ತಾ, ಅಜ್ಜಿ ಸ್ವಭಾವ ಹೇಗೆ, ಮಗಳು ಎಷ್ಟು ಹೊತ್ತಿಗೆ ಮನೆಗೆ ಬರ್ತಾರೆ, ಎಲ್ಲಾ ಕೇಳಿದ್ರು. ಮೀಸೆ ಎಡಗಡೆ ಸ್ವಲ್ಪ ಕೆಳಗಿದೆ ಸಾರ್, ಎತ್ಕೊಳ್ಳಿ."

"ನೀನೇನು ಹೇಳಿದೆ?"

"ಒಳ್ಳೇದೇ ಹೇಳಿದೆ" ಅಂದು ಇಸ್ತ್ರಿಯವನು ಸಂತೋಷದಿಂದ ನಕ್ಕ. "ಬೀದಿಯವರೆಲ್ಲ ಒಳ್ಳೇದೇ ಹೇಳಿದೀವಿ. ನೀವು ನಿಶ್ಚಿಂತೆಯಾಗಿರಿ."

ಮಗಳು ಮನೆಗೆ ಬರುವ ಹೊತ್ತು ಕೂಡ ಕೇಳಿದ್ದಾನೆ. ದುರ್ಬೀನಣ್ಣ ಮೀಸೆ ಒತ್ತಿಕೊಂಡು ಹೊರಟ. ದಿನಸಿ ಅಂಗಡಿಯ ಅಕ್ಕನ ಹತ್ತಿರ ಹೋದರೆ ಅಲ್ಲಿಯೂ ಅದೇ ನಗು, ಅದೇ ಮಾತು. "ಬಂದಿದ್ದರಣ್ಣಾ, ಪಾಪ, ಬಹಳ ಮರ್ಯಾದಸ್ಥರು" ಅಂದಳು. ಇಡೀ ಬೀದಿಯನ್ನು ಆ ಮನುಷ್ಯ ಬುಟ್ಟಿಗೆ ಹಾಕಿಕೊಂಡಿದ್ದ. ಮೊದಲು ಇಸ್ತ್ರಿಯವನು, ಆಮೇಲೆ ದಿನಸಿ ಅಂಗಡಿ, ಆಮೇಲೆ ನೆರೆಮನೆ. 'ನಾನೇ ಆಗಿದ್ದರೂ ಇದೇ ದಾರಿ ಹಿಡಿಯುತ್ತಿದ್ದೆ' ಅಂದುಕೊಂಡ ದುರ್ಬೀನಣ್ಣ. ಈ ಕೆಲಸದ ಹಿಂದೆ ದೊಡ್ಡ ತಲೆಯಿದೆ. ತಂತಿಯಂಥವನಿಗೆ ಅಷ್ಟು ದೊಡ್ಡ ತಲೆ ಎಲ್ಲಿಂದ ಸಿಕ್ಕಿತೋ ಅವನಿಗೆ ತಿಳಿಯಲಿಲ್ಲ.

ಹೆಂಗಸರು ಹೊರಗೆ ಹೋಗುವುದಿಲ್ಲವೆಂದರೆ ಕಳ್ಳ ಒಳಗೆ ಬರಬಾರದು. ಅವನು ಬೆಕ್ಕಿನ ಹೆಜ್ಜೆಯಲ್ಲಿ ಬಂದು ತನ್ನ ಮನೆಯ ಗೇಟಿಗೆ ಆ ದೊಡ್ಡ ಬೀಗ ಜಡಿದ. ಕೀಲಿಯನ್ನು ಟೋಪಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡ. ಇನ್ನು ಪಕ್ಕದ ಮೇಷ್ಟ್ರ ಮನೆಯ ಗೋಡೆ ಹತ್ತಿ ತನ್ನ ಹಿತ್ತಿಲಿಗೆ ಹಾರಿದರೆ ಒಳಗಿನಿಂದಲೂ ಕಾವಲು ಕಾಯಬಹುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಗೋಡೆ ಹತ್ತುವ ವಯಸ್ಸು ದಾಟಿದೆ ಅನ್ನುವುದು ಗೋಡೆಯ ಮೇಲೆ ಕೂತ ಮೇಲೆ ತಿಳಿಯಿತು. ಪ್ಯಾಂಟಿನ ಹಿಂಭಾಗ ಒಂದು ಮೊಳೆಗೆ ಸಿಕ್ಕಿಕೊಂಡಿತು. ಅತ್ತ ತನ್ನ ಹಿತ್ತಿಲು, ಇತ್ತ ಮೇಷ್ಟ್ರ ಹೂದೋಟ. ನಡುವೆ ದುರ್ಬೀನಣ್ಣ, ಒಣಗಿಹಾಕಿದ ಕಂಬಳಿಯ ಹಾಗೆ. ಬಿಡಿಸಿಕೊಳ್ಳಲು ಬಗ್ಗಿದಾಗ ಟೋಪಿ ಕೆಳಗೆ ಬಿತ್ತು. ಮೇಷ್ಟ್ರ ನಾಯಿ ಅದನ್ನು ಕಚ್ಚಿಕೊಂಡು, ಹುಟ್ಟಿದಾಗಿನಿಂದ ಅದಕ್ಕಾಗಿಯೇ ಕಾದಿದ್ದ ಹಾಗೆ, ಗಿಡಗಳ ಮರೆಗೆ ಓಡಿಹೋಯಿತು.

ಅಷ್ಟರಲ್ಲಿ ಮೇಷ್ಟ್ರ ಹಿಂಬಾಗಿಲು ತೆರೆಯಿತು. ಕೈಯಲ್ಲಿ ಚಹಾದ ಲೋಟ ಹಿಡಿದು ಹೊರಗೆ ಬಂದವನು ಬೇರೆ ಯಾರೂ ಅಲ್ಲ, ಹೊಸ ಚಪ್ಪಲಿಯವನು.

"ಅಯ್ಯೋ, ಬಿದ್ದೀರಿ ಯಜಮಾನ್ರೇ. ಕಾಲು ನನ್ನ ಭುಜದ ಮೇಲಿಡಿ" ಅಂದ.

ಆ ದನಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಎಲ್ಲಿ ಅಂತ ನೆನಪಾಗಲಿಲ್ಲ. ಆದರೂ ಬೇರೆ ದಾರಿಯಿಲ್ಲದೆ ಶತ್ರುವಿನ ಭುಜದ ಮೇಲೆ ಕಾಲಿಟ್ಟು ಇಳಿದ. ಪ್ಯಾಂಟಿನ ಒಂದು ತುಂಡು ಮೊಳೆಯ ಬಳಿಯೇ ಉಳಿಯಿತು.

"ಈ ಪಕ್ಕದ ಮನೆಯವರು ನಿಮಗೆ ಗೊತ್ತಾ?" ಅಂತ ಆ ಮನುಷ್ಯ ಮೆಲ್ಲಗೆ ಕೇಳಿದ.

ದುರ್ಬೀನಣ್ಣನ ತಲೆ ಮಿಂಚಿನ ಹಾಗೆ ಓಡಿತು. ದೇವರೇ ಅವಕಾಶ ಒದಗಿಸಿದ್ದಾನೆ. ಈ ಮನೆಯ ತಂಟೆಯೇ ಬೇಡ ಅಂತ ಇವನು ಹೋಗಿ ತಂತಿಗೆ ಹೇಳುವ ಹಾಗೆ ಮಾಡಬೇಕು.

"ಗೊತ್ತಿಲ್ಲದೆ ಏನು" ಅಂದ ಮೂಗಿನಲ್ಲಿ. "ಆ ಮನೆ ಕಡೆ ತಲೆ ಹಾಕಬೇಡಿ. ಒಳಗೆ ಏನೂ ಇಲ್ಲ, ಬರೀ ಖಾಲಿ ಡಬ್ಬ. ಮುದುಕಿ ಇದಾಳಲ್ಲ, ಕೈಗೆ ಸಿಕ್ಕಿದ್ದು ಎಸೀತಾಳೆ. ಗುರಿ ತಪ್ಪಲ್ಲ."

"ಹೌದಾ. ಯಜಮಾನ್ತಿ?"

"ಅವಳು ಕೂಗಿದರೆ ಹಿಂದಿನ ಬೀದಿ ನಾಯಿಗಳು ಎದ್ದು ನಿಲ್ಲುತ್ತವೆ."

"ಯಜಮಾನರು?"

ದುರ್ಬೀನಣ್ಣ ಇಲ್ಲಿ ಸ್ವಲ್ಪವೂ ಜಿಪುಣತನ ತೋರಲಿಲ್ಲ. "ಶುದ್ಧ ಹುಚ್ಚ. ಮನೆಗೆ ಬಂದವರನ್ನ ಕಚ್ಚೋಕೆ ಹೋಗ್ತಾನೆ. ಬೀದಿಯವರೇ ಸಾಕ್ಷಿ."

"ಅಯ್ಯೋ ಪಾಪ. ಮತ್ತೆ ಮಗಳು?"

ದುರ್ಬೀನಣ್ಣ ಬಾಯಿ ತೆರೆದ. ಸೋಮಾರಿ ಅನ್ನಬಹುದಿತ್ತು. ಜಗಳಗಂಟಿ ಅನ್ನಬಹುದಿತ್ತು. ಆ ಮಾತುಗಳು ನಾಲಿಗೆಯವರೆಗೆ ಬಂದು, ದಾರಿ ತಪ್ಪಿದವರ ಹಾಗೆ ಅಲ್ಲೇ ನಿಂತವು.

"ಮಗಳು..." ಅಂದ. ಮೂಗಿನ ದನಿ ತಾನಾಗಿ ಬಿಟ್ಟುಹೋಯಿತು. "ಮಗಳು ಚಿನ್ನ. ಅವಳ ವಿಷಯಕ್ಕೆ ಮಾತ್ರ ಬರಬೇಡಿ."

ಚಪ್ಪಲಿಯವನು ಅವನ ಮುಖವನ್ನೇ ನೋಡುತ್ತಾ ನಿಂತ. ಮೀಸೆಯ ಅರ್ಧ ಭಾಗ ಗೋಡೆ ಇಳಿಯುವಾಗಲೇ ಕಿತ್ತು ಗಲ್ಲದ ಮೇಲೆ ಜೋತಾಡುತ್ತಿತ್ತು. ದುರ್ಬೀನಣ್ಣನಿಗೆ ಅದು ಗೊತ್ತಿರಲಿಲ್ಲ. ಆ ಮನುಷ್ಯ ಮುಖ ಮೆತ್ತಗೆ ಮಾಡಿಕೊಂಡು, ಉಳಿದ ಚಹಾವನ್ನು ಇವನ ಕೈಗೆ ಕೊಟ್ಟು ಹೊರಟುಹೋದ.

ಶತ್ರು ಹೆದರಿ ಓಡಿದ ಅಂತ ದುರ್ಬೀನಣ್ಣನಿಗೆ ನೆಮ್ಮದಿಯಾಯಿತು. ಉಳಿದದ್ದು ಕೀಲಿ. ಮೇಷ್ಟ್ರ ಹೂದೋಟದಲ್ಲಿ ಸಲಿಕೆ ಹಿಡಿದು, ನಾಯಿ ಮಣ್ಣು ಕೆದರಿದ ಜಾಗವನ್ನೆಲ್ಲ ತಾನೂ ಕೆದರಿದ. ಟೋಪಿಯ ಒಂದು ಚೂರು ಸಿಕ್ಕಿತು, ಕೀಲಿ ಸಿಗಲಿಲ್ಲ.

ಕಿಟಕಿಯಿಂದ ಮೇಷ್ಟ್ರು ಕೇಳಿದರು. "ಏನು ಹುಡುಕ್ತಿದೀಯಪ್ಪಾ?"

"ಎರೆಹುಳು ಮೇಷ್ಟ್ರೇ."

"ಇವತ್ತೊಂದು ದಿನ ಸುಮ್ಮನೆ ಮನೇಲಿ ಕೂತ್ಕೋಬಾರದಾ?" ಅಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯಲ್ಲಿ ಒಂದು ಕಾರು ನಿಂತ ಸದ್ದಾಯಿತು. ದುರ್ಬೀನಣ್ಣ ಇಣುಕಿ ನೋಡಿದ. ಮುಂದಿನ ಸೀಟಿನಿಂದ ಇಳಿದವನು ಅದೇ ಚಪ್ಪಲಿಯವನು. ಹಿಂದಿನಿಂದ ದಪ್ಪನೆಯ ಒಬ್ಬ ಗಂಡಸು, ಒಬ್ಬ ಹೆಂಗಸು, ಕನ್ನಡಕ ಹಾಕಿದ ಒಬ್ಬ ಯುವಕ ಇಳಿದರು. ಚಪ್ಪಲಿಯವನು ಕೈ ಚಾಚಿ ಗೇಟು ತೋರಿಸಿದ.

ಗುಂಪೇ ಬಂದಿತ್ತು. ಹಗಲಿನಲ್ಲೇ, ಹೆಂಗಸನ್ನೂ ಕರೆದುಕೊಂಡು. ದುರ್ಬೀನಣ್ಣ ಸಲಿಕೆ ಎತ್ತಿಕೊಂಡು, ಹರಿದ ಪ್ಯಾಂಟಿನಲ್ಲಿ, ಮಣ್ಣು ಮೆತ್ತಿದ ಮೊಣಕಾಲಿನಲ್ಲಿ ಓಡಿ ಬಂದು ತನ್ನ ಗೇಟಿಗೆ ಬೆನ್ನು ಕೊಟ್ಟು ನಿಂತ.

"ಯಾರೂ ಒಳಗೆ ಕಾಲಿಡೋ ಹಾಗಿಲ್ಲ" ಅಂತ ಕೂಗಿದ. ಕೂಗಿದ ರಭಸಕ್ಕೆ ದನಿ ಒಡೆದು ಕೋಳಿಮರಿಯ ಹಾಗೆ ಕೀರಲಾಗಿ ಹೊರಟಿತು. "ನನ್ನ ಜೀವ ಇರೋವರೆಗೂ ನನ್ನ ಮನೆಯವರನ್ನ ಮುಟ್ಟೋಕೆ ಬಿಡಲ್ಲ."

ದಪ್ಪನೆಯ ಗಂಡಸು ಚಪ್ಪಲಿಯವನ ಕಿವಿಯ ಬಳಿ ಬಗ್ಗಿ, "ಇವರೇನಾ?" ಅಂದ.

"ಇವರೇ" ಅಂದ ಚಪ್ಪಲಿಯವನು.

ಬೆನ್ನ ಹಿಂದೆ ಗೇಟಿನ ಸರಳುಗಳ ನಡುವಿನಿಂದ ಹೆಂಡತಿಯ ಕೈ ಬಂದು ಅವನ ಅಂಗಿ ಹಿಡಿದು ಜಗ್ಗಿತು.

"ರೀ, ಸಲಿಕೆ ಕೆಳಗಿಡಿ. ಮಗಳನ್ನ ನೋಡೋಕೆ ಹುಡುಗನ ಕಡೆಯವರು ಬಂದಿದಾರೆ" ಅಂದಳು ಪಿಸುದನಿಯಲ್ಲಿ. ಅಳಬೇಕೋ ನಗಬೇಕೋ ಅವಳಿಗೂ ತಿಳಿಯದ ಹಾಗಿತ್ತು.

ಸಲಿಕೆ ತಾನಾಗಿ ಕೆಳಗೆ ಬಿತ್ತು.

"ನನಗೆ ಯಾಕೆ ಹೇಳಲಿಲ್ಲ?"

ಉತ್ತರ ಅತ್ತೆಯ ಬಾಯಿಂದ ಬಂತು, ಪಿಸುದನಿಯಲ್ಲೇ. "ಹೇಳಿದ್ರೆ ಬಿಡ್ತಿದ್ರಾ? ಮೊದಲನೇ ಸಂಬಂಧಕ್ಕೆ ಅವರ ಮನೆ ಕಸದ ಬುಟ್ಟಿ ಹೊತ್ಕೊಂಡು ಬಂದು ನಡುಮನೇಲಿ ಸುರಿದ್ರಿ. ಆಮೇಲಿನ ಹುಡುಗ ಕ್ಷೌರಕ್ಕೆ ಕೂತ್ರೆ ಪಕ್ಕದ ಕುರ್ಚೀಲಿ ಮುಖಕ್ಕೆ ಟವೆಲ್ ಹೊದ್ಕೊಂಡು ಕೂತ್ರಿ. ಈ ಹುಡುಗನ ಅಪ್ಪ ನಮ್ಮನ್ನ ವಿಚಾರಿಸೋಕೆ ಆಳು ಕಳಿಸ್ತಾರೆ ಅಂತ ಗೊತ್ತಾಗಿ, ಒಳ್ಳೇದೇ ಹೇಳಿ, ಇವರ ಕಸುಬು ಮಾತ್ರ ಹೇಳಬೇಡಿ ಅಂತ ಬೀದಿಯವರಿಗೆಲ್ಲ ಹೇಳಿಟ್ವಿ, ನಿಮ್ಮೊಬ್ಬರನ್ನ ಬಿಟ್ಟು. ಈಗ ಗೇಟು ತೆಗೀರಿ."

"ಕೀಲಿ ಇಲ್ಲ. ನಾಯಿ ತಿಂತು."

"ಬೀಗರು ಬರೋ ಹೊತ್ತಿಗೆ ಬಾಗಿಲಿಗೆ ಬೀಗ" ಅಂದರು ಮೇಷ್ಟ್ರು, ಗೋಡೆಯ ಮೇಲಿಂದ. ಯಾರೂ ನಗಲಿಲ್ಲ. ಮೇಷ್ಟ್ರು ಕೂಡಲೇ ಇಸ್ತ್ರಿಯವನನ್ನು ದೊಡ್ಡ ರಸ್ತೆಗೆ ಓಡಿಸಿದರು. "ಹೊಸದಾಗಿ ಬೀಗ ರಿಪೇರಿ ಅಂಗಡಿ ಹಾಕಿದಾನಲ್ಲ, ಅವನನ್ನ ಕರ್ಕೊಂಡು ಬಾ."

ಬೀಗದವನು ಒಂದು ಸಣ್ಣ ಪೆಟ್ಟಿಗೆ ಹಿಡಿದು ನಿಧಾನವಾಗಿ ಬಂದ. ದುರ್ಬೀನಣ್ಣನನ್ನು ನೋಡಿ ನಕ್ಕ. ಅದೇ ನಗು.

"ಬಂದೇ ಬರ್ತೀನಿ ಅಂದಿದ್ದೆ ಸ್ವಾಮಿ" ಅಂದ ತಂತಿ. "ಈಗ ಈ ಕೆಲಸಾನೇ ಹಗಲು ಮಾಡ್ತೀನಿ. ನೀವು ಒಳಗೆ ಕಳಿಸದಿದ್ರೆ ಬುದ್ಧಿ ಬರ್ತಿರಲಿಲ್ಲ. ಬಂದು ಕೈ ಮುಗೀಬೇಕು ಅಂತಿದ್ದೆ, ನೀವೇ ಕರೆಸಿದ್ರಿ." ಪೆಟ್ಟಿಗೆಯಿಂದ ಒಂದು ತುಂಡು ತಂತಿ ತೆಗೆದು ಬೀಗದ ಬಾಯಿಗೆ ಇಟ್ಟ. ಮಗುವಿನ ತಲೆಯಷ್ಟು ದೊಡ್ಡ ಬೀಗ ಆಕಳಿಸಿದ ಹಾಗೆ ಬಾಯಿ ಬಿಟ್ಟಿತು. "ಒಳ್ಳೇ ಬೀಗವಲ್ಲ ಸ್ವಾಮಿ ಇದು. ಬೇರೆ ಕೊಡ್ತೀನಿ" ಅಂದು ಕೈ ಮುಗಿದು ಹೊರಟುಹೋದ.

ಒಳಗೆ ಹೊಸ ಪರದೆ, ಒರೆಸಿಟ್ಟ ಲೋಟ, ಎಲ್ಲಕ್ಕೂ ಈಗ ಅರ್ಥ ಬಂತು. ಹುಡುಗನನ್ನು ನೋಡಿ ದುರ್ಬೀನಣ್ಣ ಹುಬ್ಬುಗಂಟಿಕ್ಕಿದ. ಮಗಳ ಅಂಗಡಿಯಲ್ಲಿ ಎಷ್ಟೋ ಸಲ ಕಂಡ ಮುಖ. ದಿನವೂ ಕನ್ನಡಕದ ಕಡ್ಡಿ ಬಗ್ಗಿಸಿಕೊಂಡು ಬಂದು, ಅವಳ ಕೈಯಲ್ಲಿ ಸರಿ ಮಾಡಿಸಿಕೊಂಡು ಹೋಗುತ್ತಿದ್ದವನು. ರಿಪೇರಿ ಮಾಡಿಸುತ್ತಾ ಕೂತವನನ್ನು ಯಾರೂ ನೋಡುವುದಿಲ್ಲ. ದುರ್ಬೀನಣ್ಣನೂ ನೋಡಿರಲಿಲ್ಲ.

ಅವನು ಬಿಳಿ ಅಂಗಿ ಹಾಕಿಕೊಂಡು ಬಂದು ಒಂದು ಮೂಲೆಯಲ್ಲಿ ಕೂತ. ಚಪ್ಪಲಿಯವನು ಬಂದು ಪಕ್ಕದಲ್ಲಿ ಕೂತ. ಹುಚ್ಚರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಬಹುದು ಅನ್ನುವ ಧೈರ್ಯ ಅವನ ಮುಖದಲ್ಲಿತ್ತು.

"ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಯಜಮಾನ್ರೇ" ಅಂದ ಅಕ್ಕರೆಯಿಂದ. "ಆದ್ರೂ ಹೇಳ್ತೀನಿ. ನಿಮಗೆ ತಲೆ ಸರಿಯಿಲ್ಲ ಅಂತ ನಾನು ಇವರಿಗೆ ಹೇಳಲೇಬೇಕಾಯ್ತು. ನಮ್ಮ ಆಫೀಸಿನ ದೊಡ್ಡವರ ಕಟ್ಟಳೆ ಹಾಗಿದೆ. ಕಂಡಿದ್ದನ್ನ ಕಂಡ ಹಾಗೆ ಹೇಳು, ಸೇರಿಸಬೇಡ, ಬಿಡಬೇಡ ಅಂತಾರೆ. ಅವರ ಮುಖ ನಾನು ನೋಡಿಲ್ಲ. ಎಲ್ಲಾ ಪಾಠ ಫೋನಲ್ಲೇ. ನಿಲ್ಲಬೇಕಾದ ಕಡೆ ಏನಾದರೂ ರಿಪೇರಿಗೆ ಕೊಟ್ಟು ಕೂತ್ಕೋ ಅಂದವರೂ ಅವರೇ. ನೋಡಿ, ಹರೀದೇ ಇದ್ದ ಚಪ್ಪಲಿ ಹೊಲಿಸಿದೀನಿ. ದೊಡ್ಡ ತಲೆ ಅವರದು."

ಆ ದನಿ ಎಲ್ಲಿ ಕೇಳಿದ್ದು ಅನ್ನುವುದು ದುರ್ಬೀನಣ್ಣನಿಗೆ ಆಗ ನೆನಪಾಯಿತು. ವಾರಕ್ಕೊಮ್ಮೆ ಫೋನಿನಲ್ಲಿ "ಹಾಗೇ ಮಾಡ್ತೀನಿ ಸರ್" ಅನ್ನುವ ದನಿ ಅದು. ಪಾಲುದಾರ ಬೆಳಿಗ್ಗೆ ಹೇಳಲು ಹೊರಟಿದ್ದ ಕೇಸೂ ಇದೇ. ಆ ದೊಡ್ಡ ತಲೆಯನ್ನು ಅವನು ಈಗ ಎರಡೂ ಕೈಯಲ್ಲಿ ಹಿಡಿದುಕೊಂಡ.

"ತಲೆನೋವಾ? ಪಾಪ" ಅಂದ ಚಪ್ಪಲಿಯವನು. "ಆದ್ರೂ ನೀವೇ ಈ ಸಂಬಂಧ ಉಳಿಸಿದ್ದು. ಮನೆಯವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದವರು ಮಗಳ ಬಗ್ಗೆ ಒಂದು ಕೆಟ್ಟ ಮಾತು ಆಡಲಾರದೆ ಹೋದ್ರಲ್ಲ, ಅದನ್ನ ಹೇಳಿದೆ. ಹುಡುಗನ ತಾಯಿ ಕಣ್ಣು ಒರೆಸ್ಕೊಂಡ್ರು. ಬುದ್ಧಿ ಇಲ್ಲದವನ ಬಾಯಲ್ಲಿ ಬಂದಿದ್ದು ಸುಳ್ಳಾಗಿರಲ್ಲ ಅಂದ್ರು."

ದುರ್ಬೀನಣ್ಣ ಎದ್ದು ನಿಂತ. ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದ. ಅಷ್ಟರಲ್ಲಿ ಹುಡುಗನ ಅಪ್ಪ ಲೋಟ ಕೆಳಗಿಟ್ಟು ಅಂದ, "ಎಂಥ ಮನೆಯಾದ್ರೂ ಆದೀತು, ಪತ್ತೇದಾರರ ಮನೆಯಿಂದ ಮಾತ್ರ ಹೆಣ್ಣು ತರಬಾರದು ಅಂತ ನಾನು ಮೊದಲಿಂದ ಅಂದ್ಕೊಂಡಿದ್ದೆ. ನಮ್ಮ ಮನೆ ಮಾತು ಒಂದೂ ಉಳಿಯಲ್ಲ. ಹುಚ್ಚಾದ್ರೆ ಪರವಾಗಿಲ್ಲ, ನಿರುಪದ್ರವಿ."

ಹೆಂಡತಿ ಗಂಡನ ಕೈ ಹಿಡಿದು ಮೆಲ್ಲಗೆ ಒತ್ತಿದಳು. ಎದುರಿಗೆ ಮಗಳು ನಿಂತಿದ್ದಳು. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ದುರ್ಬೀನಣ್ಣ ತೆರೆದ ಬಾಯಿಯನ್ನು ಮುಚ್ಚಿಕೊಂಡು ಕೂತ. ಹುಡುಗನ ತಾಯಿ ಹತ್ತಿರ ಬಂದು, ಕಿವುಡರ ಹತ್ತಿರ ಮಾತಾಡುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ, "ನಿ-ಮ-ಗೆ ಸಂ-ತೋ-ಷ-ವಾ?" ಅಂದಳು.

ಅವನು ಮೂಗಿನಲ್ಲಿ "ಹ್ಞೂಂ" ಅಂದ. ನಿಜವಾಗಿಯೂ ಸಂತೋಷವಾಗಿತ್ತು.

ಮಾರನೇ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲೇ ಪಾಲುದಾರನ ಫೋನು ಬಂತು. ಎಂದಿನ ಕಟ್ಟಳೆ ಮರೆತು, ಖುಷಿಯಲ್ಲಿ ಅವನು ಒಂದೇ ಉಸಿರಿಗೆ ಹೇಳಿಬಿಟ್ಟ. "ಅಣ್ಣಾ, ನಿನ್ನೆಯ ಪಾರ್ಟಿಗೆ ನಮ್ಮ ಕೆಲಸ ಬಹಳ ಮೆಚ್ಚಿಗೆಯಾಗಿದೆ. ಹೆಣ್ಣಿನ ಅಪ್ಪ ಸ್ವಲ್ಪ ಹಾಗಂತೆ ಪಾಪ. ಮದುವೆವರೆಗೂ ಎಲ್ಲೂ ಗೋಡೆ ಹತ್ತದ ಹಾಗೆ, ಕಳೆದುಹೋಗದ ಹಾಗೆ ಹಿಂದೆ ಒಬ್ಬನನ್ನ ಇಡಿ ಅಂದಿದಾರೆ. ನಿನ್ನೆಯವನನ್ನೇ ಹಾಕಿದೀನಿ."

ದುರ್ಬೀನಣ್ಣ ಫೋನು ಕೆಳಗಿಟ್ಟು, ಮುಖಕ್ಕೆ ಸೋಪು ಹಚ್ಚಿ, ಓರೆ ಕನ್ನಡಿಯ ಮುಂದೆ ನಿಂತ.

ಮರದ ಕೆಳಗೆ ಆ ಮನುಷ್ಯ ಕೂತಿದ್ದ. ಇನ್ನೊಂದು ಚಪ್ಪಲಿ ಹೊಲಿಸುತ್ತಿದ್ದ.